ಸೂಪರ್‌ವೈಸರ್ ಕೆಮ್ಮು

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಶೆಡ್ಡೊಂದರಲ್ಲಿ ರೇಡಿಯೋ ಕಾಯಿಲ್ ಸುತ್ತುತ್ತಿದ್ದ ನಾವು ಹೆಂಗಸರು, ಸೂಪರ್‌ವೈಸರ್ ಕಾಫಿಗೆ ಹೋದದ್ದೇ ತಡ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದು ಕೂರುತ್ತಿದ್ದೆವು. ಅವರು ಗೇಟಿನಿಂದಲೇ ಕೆಮ್ಮುತ್ತಾ ಬರುವರು. ಒಳಗೆ ಕಾಲಿಡುವಷ್ಟರಲ್ಲಿ ಎಲ್ಲರ ಕೈಯಲ್ಲೂ ತಂತಿ. "ಕೆಲಸ ನಡೀಲಮ್ಮ," ಎನ್ನುವರು. ಪಾಪದ ಮನುಷ್ಯ, ಏನೂ ಗೊತ್ತಾಗಲ್ಲ ಎಂದು ನಗುತ್ತಿದ್ದೆವು.

ಒಂದು ದಿನ ಜೊತೆಗೆ ಮಾಲೀಕರೂ ಬಂದರು. ಅಂದು ಕೆಮ್ಮು ವಿಪರೀತ ಜೋರಾಗಿತ್ತು.

"ಡಾಕ್ಟರಿಗೆ ತೋರಿಸ್ರೀ," ಎಂದರು ಮಾಲೀಕರು.

"ಒಳಗ್ ಬಂದ್ರೆ ಸರಿಹೋಗುತ್ತೆ ಸಾರ್," ಎಂದ ಸೂಪರ್‌ವೈಸರ್, ನಾವು ಅಳಿಸಲು ಮರೆತಿದ್ದ ಚೌಕಗಳ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಕಾಲಿನಿಂದಲೇ ಸರಿಸಿದರು. ಮಾಲೀಕರು ಹೋದ ಮೇಲೆ ಅದನ್ನೆತ್ತಿ, "ಯಾರಮ್ಮ ಗೆಲ್ತಾ ಇದ್ದಿದ್ದು?" ಎಂದರು.

ನಾಚಿಕೆಯಾಗಿ ನಮ್ಮ ಆಟ ಅಂದಿಗೇ ನಿಂತಿತು. ಗೇಟಿನಲ್ಲಿ ಅವರ ಕೆಮ್ಮು ಮಾತ್ರ ನಿಲ್ಲಲಿಲ್ಲ.