ಬೆನ್ನ ಮೇಲಿನ ಶನಿ

ಮೊನ್ನೆ ಬೆಳಿಗ್ಗೆ ಹಾಲು ತರಲು ಹೊರಟಿದ್ದೆ. ನಂಜನಗೂಡಿನಲ್ಲಿ ಮಾರ್ಗಶಿರ ಬಂತೆಂದರೆ ಹೊಳೆಯ ಕಡೆಯಿಂದ ಮಂಜು ಎದ್ದು ಬೀದಿಯಲ್ಲಿ ಕೂತುಬಿಡುತ್ತದೆ. ಎದುರು ಮನೆಯವರು ಬಾಗಿಲು ತೆರೆದದ್ದು ಸದ್ದಿನಿಂದಲೇ ತಿಳಿಯಬೇಕು. ತಿರುವಿನಲ್ಲಿ ಯಾರೋ ರಸ್ತೆ ಗುಡಿಸುತ್ತಿದ್ದರು. ಪೊರಕೆಯ ಸದ್ದು ಕೇಳುತ್ತಿತ್ತು, ಆಳು ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಬಸ್ಸೊಂದು ತಿರುಗಿತು. ಅದರ ದೀಪ ಬಿದ್ದದ್ದೇ ತಡ, ಗುಡಿಸುತ್ತಿದ್ದ ಹೆಂಗಸು ಸೀರೆಯ ಮೇಲೆ ತೊಟ್ಟಿದ್ದ ಜಾಕೀಟಿನ ಪಟ್ಟಿಗಳು ಝಗ್ಗನೆ ಹೊಳೆದವು. ಬಸ್ಸು ನಿಧಾನಿಸಿ, ಪಕ್ಕಕ್ಕೆ ಸರಿದು ಹೋಯಿತು. ಆಕೆ ತಲೆ ಕೂಡ ಎತ್ತಲಿಲ್ಲ.

ನಡೆದದ್ದು ಇಷ್ಟೇ. ನಾನು ಮಾತ್ರ ಕ್ಯಾನು ಹಿಡಿದು ಅಲ್ಲೇ ನಿಂತುಬಿಟ್ಟೆ. ಆಮೇಲೆ ಹಾಲು ತರದೆ ಮನೆಗೆ ತಿರುಗಿದೆ. ಯಾಕೆಂದು ಹೇಳಲು ನಿಮ್ಮನ್ನು ತೊಂಬತ್ತರ ದಶಕದ ಕೊನೆಗೆ, ಪೇಟೆ ಬೀದಿಯಲ್ಲಿದ್ದ ನನ್ನ ಟೈಲರ್ ಅಂಗಡಿಗೆ ಕರೆದುಕೊಂಡು ಹೋಗಬೇಕು.

ನಾನು ದೊಡ್ಡ ಟೈಲರ್ ಏನಲ್ಲ. ಎಸ್ಸೆಲ್ಸಿ ಮುಗಿಸಿ, ಬೇರೆ ಕೆಲಸ ಸಿಗದೆ ಮಿಷನ್ ತುಳಿಯಲು ಕೂತವನು. ಶಾಲೆ ಮಕ್ಕಳ ಯೂನಿಫಾರಂ ನನ್ನ ಮುಖ್ಯ ಕಸುಬು. ‘ಬೆಳೆಯೋ ಮಗ, ಒಸಿ ದೊಡ್ಡದಾಗೇ ಹೊಲೀರಿ’ ಎಂದು ತಾಯಂದಿರು ಹೇಳುತ್ತಿದ್ದರು. ನಾನು ಹೊಲಿದ ಚಡ್ಡಿಗಳನ್ನು ಊರಿನ ಅರ್ಧ ಹುಡುಗರು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದ್ದಾರೆ. ಆದರೆ ಹೊಲಿಗೆ ಬಿಚ್ಚುವುದರಲ್ಲಿ ಮಾತ್ರ ನನಗೆ ಹೆಸರಿತ್ತು. ಬೇರೆಯವರು ಬ್ಲೇಡು ಹಾಕಿ ಹರಿಯುತ್ತಾರೆ. ನಾನು ಹಿಂಬದಿಯಲ್ಲಿ ಅಲ್ಲೊಂದು ಇಲ್ಲೊಂದು ಹೊಲಿಗೆ ಕತ್ತರಿಸಿ, ಮುಂಬದಿಯ ನೂಲನ್ನು ಇಡಿಯಾಗಿ ಎಳೆದು ತೆಗೆಯುತ್ತಿದ್ದೆ. ಬಟ್ಟೆಗೆ ಒಂದು ಗೀರೂ ಆಗುತ್ತಿರಲಿಲ್ಲ. ಈ ಹೆಮ್ಮೆಯನ್ನು ನೆನಪಿಟ್ಟುಕೊಳ್ಳಿ.

ನನ್ನ ಹೆಂಡತಿ ಚಿಕ್ಕತಾಯಿ ಪಕ್ಕದ ಹೆಡತಲೆ ಊರಿನವಳು. ಅವಳಿಗೆ ಒಬ್ಬನೇ ತಮ್ಮ, ಮಾದೇವ. ತಂದೆ ತಾಯಿ ಇಲ್ಲದ ಅವನನ್ನು ಅವಳೇ ಸಾಕಿದ್ದಳು. ಪಿಯುಸಿಯಲ್ಲಿ ನಪಾಸಾಗಿ, ತಾಂಡ್ಯದ ಒಂದು ಕಾರ್ಖಾನೆಗೆ ಸೇರಿ, ನಮ್ಮ ಮನೆಯಲ್ಲೇ ಇದ್ದ. ಅವನ ಜೊತೆ ಕೆಲಸಕ್ಕಿದ್ದ ಹೊರರಾಜ್ಯದವನೊಬ್ಬ ಇಂಗ್ಲಿಷ್ ಹಾಡುಗಳ ಕ್ಯಾಸೆಟ್ ಕೊಟ್ಟಿದ್ದ. ಅದರಲ್ಲಿ ಒಂದೇ ಹಾಡನ್ನು ಮಾದೇವ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳುತ್ತಿದ್ದ.

‘ಏನ್ಲಾ ಅದು, ಅರಚಾಟ?’ ಎಂದೆ ಒಂದು ದಿನ.

‘ಅರಚಾಟ ಅಲ್ಲ ಕಣ್ ಬಾವ. ಹಳೇ ಕಾಲದ ಹಾಡು. ಒಬ್ಬ ಒಂಟಿಯಾಗಿ ಆಕಾಸುಕ್ಕೆ ಓಗಿರ್ತಾನೆ. ಕೆಳಗಡೆಯೋರು ಅವನ್ನ ಮಾತಾಡಿಸ್ತಿರ್ತಾರೆ. ಆಮೇಕೆ ಮಾತು ನಿಂತೋಯ್ತದೆ.’

‘ಅಲ್ಲಿ ಮುದ್ದೆ ಕಟ್ಟಿ ಇಕ್ಕೋರು ಯಾರ್ಲಾ?’

‘ನಿಮಗೆ ಬರೀ ಮುದ್ದೆ ಚಿಂತೆ ಬಾವ!’ ಎಂದು ನಕ್ಕ.

ಆ ಹಾಡಿನ ಕೊನೆಯಲ್ಲಿ ಅವನ ಕಣ್ಣು ಬೇರೆಲ್ಲೋ ಇರುತ್ತಿತ್ತು. ಬೆಂಕಿ ಆರಿಸುವ ಸಿಬ್ಬಂದಿಯ ಜಾಕೀಟಿಗೆ ಹಾಕುವ ಪಟ್ಟಿಯ ಚೂರುಗಳು ಅವನ ಕಾರ್ಖಾನೆಯಲ್ಲಿ ಕಸಕ್ಕೆ ಹೋಗುತ್ತಿದ್ದವಂತೆ. ಹಗಲಲ್ಲಿ ಬೂದಿ ಬಣ್ಣ, ದೀಪ ಬಿದ್ದರೆ ಬೆಳ್ಳಿ. ಅವನ್ನು ಕೇಳಿ ತಂದ. ತನ್ನ ಕರಿ ರೆಕ್ಸಿನ್ ಜಾಕೀಟನ್ನು ನನ್ನ ಮಿಷನ್ ಮೇಲೆ ಹರಡಿ, ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದ: ಮೂಲೆಯಲ್ಲಿ ಕಡ್ಡಿಯಷ್ಟು ರಾಕೆಟ್ಟು, ಸುತ್ತ ನಕ್ಷತ್ರಗಳು, ನಡುವೆ ಬಳೆ ತೊಟ್ಟ ದೊಡ್ಡ ಗ್ರಹ. ನಾನು ಬೈದುಕೊಂಡೇ ಕತ್ತರಿಸಿ ಹೊಲಿದೆ. ಮುಗಿದ ಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಅವನನ್ನು ತಿರುಗಿ ನಿಲ್ಲಿಸಿ ಟಾರ್ಚು ಬಿಟ್ಟೆ. ನಿಜ ಹೇಳುತ್ತೇನೆ, ನನ್ನ ಕೈಯಿಂದ ಅಂಥ ಕೆಲಸ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಚಿಕ್ಕತಾಯಿ ನೋಡಿ, ‘ಅಯ್ಯೋ, ಇದ್ಯಾಕಪ್ಪ ಶನಿಮಹಾತ್ಮನ್ನ ಬೆನ್ಮೇಲೆ ಕೂರಿಸ್ಕೊಂಡಿದ್ದೀಯ?’ ಎಂದಳು. ಶಾಲೆಯ ಪುಸ್ತಕದ ಬಳೆ ತೊಟ್ಟ ಗ್ರಹ ಯಾವುದೆಂದು ಅವಳಿಗೂ ಗೊತ್ತಿತ್ತು.

‘ಬೆನ್ಮೇಲೆ ಇದ್ರೆ ಮುಂದಕ್ಕೆ ಬರಾಕಿಲ್ಲ ಬುಡಕ್ಕ,’ ಎಂದ ಮಾದೇವ. ಮೂವರೂ ನಕ್ಕೆವು.

ಆ ವರ್ಷವೇ ನನ್ನ ಮಗಳಿಗೆ ಟಿ. ನರಸೀಪುರದಿಂದ ಸಂಬಂಧ ಬಂತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಿರುವಾಗ ಮಾದೇವ ಕೆಲಸ ಮುಗಿಸಿ ಬಂದ. ಎಲ್ಲರಿಗೂ ಕೈಮುಗಿದು, ಒಳಗೆ ಹೋಗಲು ಬೆನ್ನು ತಿರುಗಿಸಿದ. ಗಂಡಿನ ದೊಡ್ಡಪ್ಪ ತಟ್ಟೆಯನ್ನು ಕೆಳಗಿಟ್ಟರು.

‘ನಿಮ್ಮ ಬಾಮೈದ ಬ್ಯಾಂಡ್‌ಸೆಟ್ಟಲ್ಲಿ ಅವ್ನಾ?’

ಜೊತೆಯವರೆಲ್ಲ ಗೊಳ್ಳೆಂದರು. ನಾನೂ ನಕ್ಕೆ. ಅವರು ನಿಲ್ಲಿಸಲಿಲ್ಲ.

‘ತಮಾಸೆಗೆ ಏಳ್ತಿಲ್ಲ ಕಣ್ರೀ. ಮದುವೆ ಮಾತಾಡೋ ಮನೇಲಿ ಶನೀನ ಹೊತ್ಕೊಂಡು ಓಡಾಡ್ತಾವ್ನಲ್ಲ, ನೋಡಿ ಸುಮ್ನಿದ್ದೀರಲ್ಲ!’

ಆ ಮಾತು ನನ್ನ ಎದೆಯಲ್ಲಿ ಕೂತಿತು. ನಿಮಗೆ ನಗು ಬರಬಹುದು. ಆದರೆ ಶನಿವಾರ ತಪ್ಪದೆ ಎಳ್ಳೆಣ್ಣೆ ದೀಪ ಹಚ್ಚುವ ಮನೆ ನಮ್ಮದು. ಮಗಳ ಸಂಬಂಧ ಮುರಿದರೆ ಎಂಬ ಹೆದರಿಕೆ ಬೇರೆ. ಮಾರನೆಯ ದಿನ ಮಾದೇವ ಪಾಳಿ ಮುಗಿಸಿ ಮಧ್ಯಾಹ್ನ ಮಲಗಿದ್ದಾಗ ಗೂಟದಿಂದ ಜಾಕೀಟು ತೆಗೆದುಕೊಂಡು ಅಂಗಡಿಗೆ ಹೋದೆ. ಅಸ್ತರನ್ನು ಒಂದು ಕಡೆ ಬಿಚ್ಚಿ, ಒಳಗಿನಿಂದ ಕೈಹಾಕಿ, ನಕ್ಷತ್ರ, ರಾಕೆಟ್ಟು, ಶನಿ ಎಲ್ಲವನ್ನೂ ತೆಗೆದು ಗುಂಡಿಯ ಡಬ್ಬಿಗೆ ಹಾಕಿದೆ. ಎಂದಿನಂತೆ ಒಂದು ಗೀರೂ ಆಗಲಿಲ್ಲ. ಆದರೆ ರೆಕ್ಸಿನ್ ಬಟ್ಟೆಯಂತಲ್ಲ. ಸೂಜಿ ಚುಚ್ಚಿದ ತೂತು ಬಟ್ಟೆಯಲ್ಲಿ ಒಂದು ಒಗೆತಕ್ಕೆ ಮುಚ್ಚಿಹೋಗುತ್ತದೆ. ರೆಕ್ಸಿನ್‌ನಲ್ಲಿ ಎಂದೂ ಮುಚ್ಚುವುದಿಲ್ಲ.

ಸಂಜೆ ಮಾದೇವ ಜಾಕೀಟು ಹಿಡಿದು ಅಂಗಡಿಗೆ ಬಂದ. ಕೂಗಾಡುತ್ತಾನೆ ಎಂದುಕೊಂಡಿದ್ದೆ.

‘ಕೇಳಿದ್ರೆ ನಾನೇ ಬುಚ್ಚಿಸ್ತಿದ್ನಲ್ಲ ಬಾವ,’ ಎಂದ.

‘ಮದುವೆ ಒಂದು ಮುಗೀಲಿ ಕಣ್ಲಾ. ಮತ್ತೆ ಹಾಕ್ಕೊಡ್ತೀನಿ.’

‘ಅಕ್ಕನಿಗೆ ನಾನೇ ಕಿತ್ತಾಕ್ದೆ ಅಂದಿವ್ನಿ. ನೀವೂ ಅಂಗೇ ಅನ್ನಿ.’

ಮದುವೆ ಮುಗಿಯಿತು. ಮಾದೇವ ಒಂದೆರಡು ಸಲ ನೆನಪಿಸಿದ. ನಾಳೆ ಎಂದೆ. ಶಾಲೆ ಶುರುವಾಗುವ ಕಾಲ, ಅಂಗಡಿಯಲ್ಲಿ ಬಟ್ಟೆಯ ರಾಶಿ. ನಾಳೆ ಎಂದೆ. ಹಬ್ಬಗಳು ಬಂದವು. ಟೈಲರು ಹೇಳುವ ನಾಳೆ ಎಂಥದ್ದೆಂದು ನಿಮಗೂ ಗೊತ್ತು. ನೀವೂ ಯಾವುದೋ ಅಂಗಡಿಯ ಮುಂದೆ ಅದಕ್ಕಾಗಿ ನಿಂತವರೇ ಇರುತ್ತೀರಿ. ಹೆಚ್ಚೆಂದರೆ ಒಂದು ಮಧ್ಯಾಹ್ನದ ಕೆಲಸ. ಬೀಗರು ಬಂದಾಗ ಮತ್ತೆ ಮಾತು ಬರುತ್ತದೆಂಬ ಅಳುಕೂ ಇತ್ತು. ಮಾದೇವ ಕೇಳುವುದನ್ನು ಬಿಟ್ಟ. ಬರೀ ಕರಿ ಜಾಕೀಟು ತೊಟ್ಟು ಕೆಲಸಕ್ಕೆ ಹೋಗುತ್ತಿದ್ದ.

ಮಾರ್ಗಶಿರದಲ್ಲಿ ಅವನಿಗೆ ಮುಂಜಾನೆಯ ಪಾಳಿ ಬಿತ್ತು. ತಾಂಡ್ಯದ ದಾರಿಯಲ್ಲಿ, ಇಂಥದೇ ಮಂಜಿನಲ್ಲಿ, ಹಿಂದಿನಿಂದ ಬಂದ ಲಾರಿ ಅವನ ಸೈಕಲ್ಲಿಗೆ ಗುದ್ದಿತು.

ಆಸ್ಪತ್ರೆಯ ಅಂಗಳದಲ್ಲಿ ಪೊಲೀಸಿನವರ ಪಕ್ಕ ಲಾರಿಯ ಡ್ರೈವರ್ ಕೂತಿದ್ದ. ನನ್ನನ್ನು ನೋಡಿ ಕಾಲು ಹಿಡಿಯಲು ಬಂದ. ‘ದೇವ್ರಾಣೆ ಕಾಣ್ನಿಲ್ಲ ಸಾ. ಮಂಜಲ್ಲಿ ಕರಿ ಜಾಕೀಟು. ಒಂಚೂರು ಏನಾರ ಮಿಂಚಿದ್ರೆ ಬ್ರೇಕ್ ಒತ್ತಿರ್ತಿದ್ದೆ ಸಾ.’

ಅವನ ಮಾತು ಕೇಳಿಸಿಕೊಂಡವರಲ್ಲಿ ಅದರ ಅರ್ಥ ತಿಳಿದವನು ನಾನೊಬ್ಬನೇ. ನಾನು ಕಾಲು ಹಿಂದಕ್ಕೆಳೆದುಕೊಂಡು ಒಳಗೆ ಹೋದೆ.

ಮಾದೇವನ ಬೂದಿಯನ್ನು ನರಸೀಪುರದ ಸಂಗಮದಲ್ಲಿ ಬಿಟ್ಟೆವು. ದೋಣಿ ಗೊತ್ತು ಮಾಡಿದವರು, ಚಿಕ್ಕತಾಯಿಯ ತಲೆಗೆ ಕೊಡೆ ಹಿಡಿದವರು ಗಂಡಿನ ದೊಡ್ಡಪ್ಪನೇ. ಕೆಟ್ಟ ಮನುಷ್ಯರಲ್ಲ ಅವರು. ‘ಎಷ್ಟೇ ಆಗಲಿ, ಶನಿ ಹೆಗಲೇರಿದ್ದ. ಬುಚ್ಚಾಕಿದ್ರೂ ಬುಡ್ಲಿಲ್ಲ ನೋಡಿ,’ ಎಂದು ನಿಟ್ಟುಸಿರು ಬಿಟ್ಟರು. ನಾನು ಹೌದೆಂದು ತಲೆಯಾಡಿಸಿದೆ. ಸತ್ತವರ ಬಟ್ಟೆಯನ್ನು ಹೊಳೆಗೆ ಬಿಡುವುದು ನಮ್ಮಲ್ಲಿ ವಾಡಿಕೆ. ಚಿಕ್ಕತಾಯಿ ಕಟ್ಟಿಕೊಟ್ಟಿದ್ದ ಗಂಟನ್ನು ಬಿಚ್ಚಿ ನೋಡದೆ ನೀರಿಗೆ ಬಿಟ್ಟೆ. ಹೊಲಿಗೆ ಬಿಚ್ಚಿದ್ದಕ್ಕಿಂತ ಆ ತಲೆಯಾಡಿಸಿದ್ದು ನನ್ನನ್ನು ಹೆಚ್ಚು ತಿಂದಿದೆ. ಆಮೇಲೆ ಮಗಳನ್ನು ನೋಡಲು ನರಸೀಪುರಕ್ಕೆ ಹೋದಾಗಲೆಲ್ಲ ಬಸ್ಸು ಸಂಗಮದ ಪಕ್ಕದ ಸೇತುವೆ ಹತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಚಿಕ್ಕತಾಯಿ ನಾನು ಹೊಳೆಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೇನೆ ಎಂದುಕೊಂಡಿರಬೇಕು ಎಂದೇ ನಂಬಿದ್ದೆ.

ಮೊನ್ನೆ ಖಾಲಿ ಕ್ಯಾನು ಹಿಡಿದು ಬಂದವನನ್ನು ನೋಡಿ ಅವಳು, ‘ಹಾಲೆಲ್ಲಿ?’ ಎಂದಳು.

ಹಾಲಿನ ಮಾತು ಬಿಟ್ಟು ಬೇರೆಲ್ಲವನ್ನೂ ಹೇಳಿದೆ. ಗುಂಡಿಯ ಡಬ್ಬಿ ತಂದು ಅವಳ ಮುಂದೆ ಸುರಿದೆ. ಗುಂಡಿಗಳ ನಡುವೆ ನಕ್ಷತ್ರಗಳು ಬೂದಿ ಬಣ್ಣದಲ್ಲಿ ಬಿದ್ದುಕೊಂಡವು.

ಅವಳು ಅಳಲಿಲ್ಲ. ‘ಗೊತ್ತಿತ್ತು,’ ಎಂದಳು.

‘ಯಾರು ಹೇಳಿದ್ರು?’

‘ಯಾರು ಹೇಳ್ಬೇಕು? ಆಸ್ಪತ್ರೆಯಿಂದ ಬಂದ ಜಾಕೀಟ್ನ ತೊಳೆದೋಳು ನಾನು. ಹೊಲಿಗೆ ತೂತುಗಳ ಸುತ್ತ ಬ್ಲೇಡಿನ ಒಂದು ಗೀರಿಲ್ಲ, ಒಂದು ನೂಲಿನ ತುಣುಕಿಲ್ಲ. ಈ ಊರಲ್ಲಿ ಅಂಗೆ ಬಿಚ್ಚೋರು ಇನ್ಯಾರವ್ರೆ? ಬಿಚ್ಚಾಕಿದ್ರೂ ಅಂತ ನಿಮ್ಮ ಬೀಗರು ಅಂದ್ರಲ್ಲ, ಅಲ್ಲೇ ಹೇಳ್ತೀರಿ ಅಂತ ನಿಮ್ಮ ಮುಖ ನೋಡಿದೆ. ತಲೆ ಆಡಿಸ್ಬುಟ್ರಿ.’

ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದಾಯಿತು. ಹೊಳೆಯ ಪಾಲಾಗಿದೆ ಎಂದುಕೊಂಡಿದ್ದ ಜಾಕೀಟನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ರೆಕ್ಸಿನ್ ಬಿರುಕು ಬಿಟ್ಟಿತ್ತು. ರಕ್ತ ಹಿಡಿದ ಅಸ್ತರನ್ನು ಅವಳು ಎಂದೋ ಕಿತ್ತು ಹಾಕಿದ್ದಳು. ಎತ್ತಿ ಹಿಡಿದು ನೋಡಿದೆ. ಮಂಜು ಕರಗಿ ಕಿಟಕಿಗೆ ಬಿಸಿಲು ಬಂದಿತ್ತು. ಸೂಜಿಯ ತೂತುಗಳಲ್ಲೆಲ್ಲ ಬೆಳಕು ಬಂತು: ರಾಕೆಟ್ಟು, ನಕ್ಷತ್ರಗಳು, ಬಳೆ ತೊಟ್ಟ ಶನಿ.

‘ಹೊಲೀರಿ,’ ಎಂದಳು. ‘ನಾಳೆ ಅನ್ನಬ್ಯಾಡಿ.’

ಎದುರಿಗೆ ಗೋಡೆಗೊರಗಿ ಕೂತಳು. ನನ್ನ ಕಣ್ಣು ಮಂಜಾದಾಗಿನಿಂದ ಸೂಜಿಗೆ ನೂಲು ಪೋಣಿಸಿಕೊಡುತ್ತಿದ್ದವಳು ಅವಳೇ. ಆವತ್ತು ಅವಳ ಕೈ ಮಡಿಲಲ್ಲೇ ಇತ್ತು. ನೂಲಿನ ತುದಿಯನ್ನು ನಾಲಿಗೆಗೆ ಒತ್ತಿಕೊಂಡು, ಸೂಜಿಯನ್ನು ಕಿಟಕಿಯ ಕಡೆ ಹಿಡಿದೆ. ನೂಲು ಪಕ್ಕಕ್ಕೆ ಹೋಯಿತು. ಮತ್ತೆ ಹಿಡಿದೆ.