ಎಡಗೈಗೆ ಅರ್ಧ ಬೆರಳು ಹೆಚ್ಚು

ಆ ಬೀದಿಯವರಿಗೆಲ್ಲ ಅವನು ಟೈಲರ್ ಮಾಸ್ಟರ್, ಮನೆಯೊಳಗೆ ಹೆಂಡತಿಗೆ ಮಾತ್ರ ಮೂಗುಮುರಿ ಮಾಸ್ಟರ್. ಸೂಟು ಹೊಲಿಯುವುದರಲ್ಲಿ ಅವನ ಕೈ ಎಷ್ಟು ಒಳ್ಳೆಯದೋ, ಹೊಲಿಸಿಕೊಳ್ಳುವವರ ವಿಷಯದಲ್ಲಿ ಅವನ ನಾಲಿಗೆ ಅಷ್ಟೇ ಕೆಟ್ಟದ್ದು. ಆದರೆ ಆ ನಾಲಿಗೆ ಹೊರಗೆ ಬರುತ್ತಿದ್ದುದು ಗಿರಾಕಿ ಮೆಟ್ಟಿಲಿಳಿದ ಮೇಲೆ ಮಾತ್ರ. ಎದುರಿಗಿದ್ದಷ್ಟು ಹೊತ್ತು ಅವನಂಥ ಸಂಭಾವಿತ ಇನ್ನೊಬ್ಬನಿರಲಿಲ್ಲ. ಒಂದು ಭುಜ ತಗ್ಗಿದವನು ಬಂದರೆ, ಈ ಬಟ್ಟೆ ಸ್ವಲ್ಪ ಜಾರುವ ಜಾತಿಯದು, ಒಳಗೊಂದು ಪದರ ಕೊಡುತ್ತೇನೆ ಎನ್ನುತ್ತಿದ್ದ. ಹೊಟ್ಟೆ ಮುಂದೆ ಬಂದವನಿಗೆ, ಒಗೆದ ಮೇಲೆ ಕುಗ್ಗುವ ಬಟ್ಟೆ, ಈಗಲೇ ಸಡಿಲ ಇಡೋಣ ಎನ್ನುತ್ತಿದ್ದ. ತಪ್ಪು ಎಂದಿದ್ದರೂ ಬಟ್ಟೆಯದು, ಮೈಯದಲ್ಲ. ಅದು ಅವನ ಕಸುಬಿನ ಮರ್ಯಾದೆ.

ಗಿರಾಕಿ ತಿರುವು ದಾಟಿದನೋ ಇಲ್ಲವೋ, ಒಳಗಿನ ಕಿಟಕಿಯ ಬಳಿ ಕುಳಿತು ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದ ಹೆಂಡತಿಯ ಕಡೆಗೆ ತಿರುಗುತ್ತಿದ್ದ.

“ಹೊಟ್ಟೇನಾ ಅದು? ಕೋಟಿನೊಳಗೆ ಇನ್ನೊಬ್ಬ ಬಾಡಿಗೆಗೆ ಇದ್ದಾನೆ.”

ಆಕೆ ಸೂಜಿಯಿಂದ ಕಣ್ಣು ತೆಗೆಯದೆ ನಗುತ್ತಿದ್ದಳು. ಮದುವೆಯಾದಂದಿನಿಂದ ಊರಿನವರ ಭುಜ, ಬೆನ್ನು, ಹೊಟ್ಟೆಗಳ ಸಮಾಚಾರವನ್ನೆಲ್ಲ ಕೇಳಿ ಕೇಳಿ, ಬೀದಿಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಆಕೆಗೆ ಮೊದಲು ಅವರ ತಗ್ಗಿದ ಭುಜವೇ ಕಾಣುತ್ತಿತ್ತು.

ಮಾಸ್ಟರನ ಅತಿ ದೊಡ್ಡ ತಿರಸ್ಕಾರ ಮೀಸಲಾಗಿದ್ದುದು ಕೈಗಡಿಯಾರದವರಿಗೆ. ದಪ್ಪ ಗಡಿಯಾರ ಕಟ್ಟುವವನ ಷರಟಿಗೆ ಎಡತೋಳಿನ ತುದಿಯ ಪಟ್ಟಿಯನ್ನು, ಅಂದರೆ ಕಫ್ಫನ್ನು, ಬಲಗೈಯದಕ್ಕಿಂತ ಅರ್ಧ ಬೆರಳು ಅಗಲ ಕತ್ತರಿಸಬೇಕು; ಇಲ್ಲವಾದರೆ ಕಫ್ ಗಡಿಯಾರದ ಮೇಲೆ ಸಿಕ್ಕಿಕೊಂಡು ನಿಲ್ಲುತ್ತದೆ. ಅದನ್ನು ಕೇಳುವಾಗ ಒಬ್ಬೊಬ್ಬರ ಮುಖದ ಮೇಲೆ ಬರುವ ಬೀಗುವಿಕೆ ನೋಡಿ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಾಗಿ ಅವನು ಯಾವ ಗಡಿಯಾರದ ಮುಖವನ್ನೂ ನೋಡುತ್ತಿರಲಿಲ್ಲ. ಅವನ ಪಾಲಿಗೆ ಅವೆಲ್ಲ ಬರೀ ದಪ್ಪ. ಬ್ಯಾಂಕಿನ ಮ್ಯಾನೇಜರ್ ಕಾಲು ಭಾಗ ಬೆರಳು, ವಕೀಲರು ಅದಕ್ಕಿಂತ ತುಸು ಹೆಚ್ಚು, ಹೋಟೆಲ್ ಸಾಹುಕಾರರು ಅರ್ಧ ಬೆರಳು. ಊರಿನ ಅತಿ ದಪ್ಪ ಗಡಿಯಾರ ಸಾಹುಕಾರರದೇ. ಕೈಗೆ ಗಡಿಯಾರ ಕಟ್ಟಿದ್ದಾರೋ ಬಾಗಿಲ ಚಿಲಕ ಕಿತ್ತು ಕಟ್ಟಿಕೊಂಡಿದ್ದಾರೋ ಎಂದು ಹೆಂಡತಿಯ ಎದುರಿಗೆ ಅವನು ಅದೆಷ್ಟು ಸಲ ಅಂದಿದ್ದನೋ.

ಹೀಗಿರುವಾಗ ಎದುರುಗಡೆ ಹೊಸ ಸೂಟಿನ ಅಂಗಡಿ ತೆರೆಯಿತು. ನೆಲದಿಂದ ಸೂರಿನವರೆಗೆ ಗಾಜು, ಹಗಲಿನಲ್ಲೂ ದೀಪ. ಅದರ ಯಜಮಾನ ತರುಣ. ಕತ್ತರಿ ಹಿಡಿಯಲು ಬರುವುದಿಲ್ಲ, ಕೆಲಸ ಬಲ್ಲವರನ್ನು ಇಟ್ಟುಕೊಂಡಿದ್ದ. ಅಳತೆ ಮಾತ್ರ ತಾನೇ ತೆಗೆಯುತ್ತಿದ್ದ. ತೆಗೆಯುವಾಗ ಅವನ ಮಣಿಕಟ್ಟಿನ ಗಡಿಯಾರ ಟೇಪಿನ ಪಕ್ಕದಲ್ಲಿ ಥಳಥಳ ಹೊಳೆಯುತ್ತಿತ್ತು. ಮಾಸ್ಟರನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಮೊದಲು ಮ್ಯಾನೇಜರ್, ಆಮೇಲೆ ವಕೀಲರು. ಮಾಸ್ಟರನ ಬಳಿ ಬರುತ್ತಿದ್ದುದು ಪ್ಯಾಂಟಿನ ಉದ್ದ ತಗ್ಗಿಸುವವರು, ಜಿಪ್ಪು ಕಿತ್ತುಹೋದವರು.

ಆ ಹೊತ್ತಿಗೆ ಹೋಟೆಲ್ ಸಾಹುಕಾರರ ಮಗನ ಮದುವೆ ಗೊತ್ತಾಯಿತು. ಮದುಮಗ, ಅವನ ತಮ್ಮಂದಿರು, ಅಪ್ಪ, ಚಿಕ್ಕಪ್ಪಂದಿರು, ಸಾಲದೆಂದು ಹೆಣ್ಣಿನ ಕಡೆಯ ಗಂಡಸರು, ಎಲ್ಲರಿಗೂ ಸೂಟು. ಅದು ಸಿಕ್ಕರೆ ಮಾಸ್ಟರನ ಅಂಗಡಿ ಸೂಟಿನ ಅಂಗಡಿಯಾಗಿ ಉಳಿಯುತ್ತದೆ; ತಪ್ಪಿದರೆ ಜಿಪ್ಪಿನ ಅಂಗಡಿಯಾಗುತ್ತದೆ. ಇದು ಗಂಡನಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಬಾಯಿಬಿಟ್ಟವಳು ಹೆಂಡತಿ.

“ಅಳತೆ ತಗೊಳ್ಳೋವಾಗ ಗಿರಾಕಿ ಕಣ್ಣು ಎಲ್ಲಿರುತ್ತೆ ಹೇಳಿ. ನಿಮ್ಮ ಮುಖದ ಮೇಲಲ್ಲ, ಪುಣ್ಯಕ್ಕೆ. ಕೈ ಮೇಲೆ.”

ಹೊಸ ಹೊಲಿಗೆಯಂತ್ರಕ್ಕೆಂದು ಕೂಡಿಟ್ಟಿದ್ದನ್ನು ಆಕೆಯೇ ಎತ್ತಿಕೊಟ್ಟಳು. ಎಂದೂ ಗಡಿಯಾರ ಕಟ್ಟದ ಮಾಸ್ಟರ್, ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಯಾರಾದರೂ ನೋಡಿಯಾರೆಂದು ಗೋಡೆಯ ಪಕ್ಕದಲ್ಲೇ ನಡೆದು, ಹಳೆಯ ಬೆಲೆಬಾಳುವ ಗಡಿಯಾರಗಳನ್ನು ಮಾರುವವನ ಬಳಿಗೆ ಹೋದ.

ಆ ಅಂಗಡಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಒಂದೇ ಕೋಣೆಯದು. ಹೊರಗೆ ಬೋರ್ಡಿಲ್ಲ, ಗಂಟೆ ಒತ್ತಿದರೆ ಮೊದಲು ಒಂದು ಕಣ್ಣು ಕಾಣುತ್ತದೆ, ಆಮೇಲೆ ಬಾಗಿಲು ತೆರೆಯುತ್ತದೆ. ವ್ಯಾಪಾರಿ ಮಖಮಲ್ಲಿನ ತಟ್ಟೆಯ ಮೇಲೆ ಗಡಿಯಾರಗಳನ್ನು ಮಲಗಿಸಿ, ಹಸುಗೂಸು ತೋರಿಸುವವನ ಹಾಗೆ ದನಿ ತಗ್ಗಿಸಿ ಮಾತನಾಡುತ್ತಿದ್ದ. ಗಡಿಯಾರಕ್ಕೆ ‘ಇವರು’ ಎನ್ನುತ್ತಿದ್ದ. ಇವರು ಬ್ಯಾಟರಿಯವರಲ್ಲ, ಕೀಲಿ ಕೊಡಬೇಕು. ಇವರಿಗೆ ನೀರು ಸೋಕಬಾರದು. ಮಾಸ್ಟರನಿಗೆ ಮುಖ ಸಿಂಡರಿಸದೆ ಕುಳಿತಿರುವುದೇ ಕಷ್ಟವಾಯಿತು.

ತಟ್ಟೆಯಲ್ಲಿದ್ದವುಗಳಲ್ಲೆಲ್ಲ ದಪ್ಪನಾದ ಒಂದು ಕ್ರೋನೋಗ್ರಾಫನ್ನು ಅವನು ಎತ್ತಿಕೊಂಡ. ದೊಡ್ಡ ಮುಖದೊಳಗೆ ಮೂರು ಪುಟ್ಟ ಮುಖಗಳು, ಪಕ್ಕದಲ್ಲಿ ಎರಡು ಒತ್ತುಗುಂಡಿಗಳು. ನಡುವಿನ ಉದ್ದ ಮುಳ್ಳು ಸುಮ್ಮನೆ ನಿಂತಿತ್ತು. ಮೇಲಿನ ಗುಂಡಿ ಒತ್ತಿದರೆ ಅದು ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಮೊದಲಿನ ಜಾಗಕ್ಕೆ ಹಾರುತ್ತದೆ, ಓಟದ ಪಂದ್ಯದಲ್ಲಿ ಹೊತ್ತು ಅಳೆಯುವುದಕ್ಕೆ ಎಂದು ವ್ಯಾಪಾರಿ ವಿವರಿಸಿದ.

“ಕೊಂಡವರು ಏನು ಅಳೀತಾರೆ?” ಎಂದ ಮಾಸ್ಟರ್.

“ಯಾರೂ ಏನೂ ಅಳೆಯಲ್ಲ ಸ್ವಾಮಿ. ಅಳೆಯೋ ಹಾಗಿದೆ ಅಂತ ಕಟ್ಕೊಳ್ತಾರೆ.”

ಇಷ್ಟು ನಿಜ ಹೇಳುವ ವ್ಯಾಪಾರಿಯನ್ನು ಮಾಸ್ಟರ್ ಕಂಡಿರಲಿಲ್ಲ. ಅವನ ಮೇಲೆ ತುಸು ಗೌರವವೇ ಹುಟ್ಟಿತು. ಬೆಲೆ ಕೇಳಿದಾಗ ಅದು ಇಳಿದುಹೋಯಿತು. ಆದರೂ ಉಳಿದವುಗಳಿಗಿಂತ ಇದರ ಬೆಲೆ ಬಹಳ ಕಡಿಮೆ. ಅಂಚಿನಲ್ಲಿ ಒಂದು ಗೀರಿದೆ; ಜೊತೆಗೆ ಕಂಪನಿಯ ಪೆಟ್ಟಿಗೆಯಿಲ್ಲ, ಕಾಗದಗಳಿಲ್ಲ. ಮಾರಿದವರು ದೊಡ್ಡ ಮನುಷ್ಯರು, ಪೆಟ್ಟಿಗೆ ಮನೆಯಿಂದ ಹೊರಗೆ ತರುವ ಹಾಗಿರಲಿಲ್ಲ, ಅದಕ್ಕಿಂತ ಹೆಚ್ಚು ಕೇಳಬಾರದು ಎಂದ ವ್ಯಾಪಾರಿ. ಹಿಂದಿನ ಮುಚ್ಚಳ ತೆರೆದು ಒಳಗಿನ ಯಂತ್ರ ತೋರಿಸಿದ. ಅಸಲಿ ಮಾಲು ಎಂಬುದರಲ್ಲಿ ಸಂದೇಹವಿರಲಿಲ್ಲ. ಮಾಸ್ಟರ್ ಕೊಂಡುಬಿಟ್ಟ.

ಮನೆಯಲ್ಲಿ ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಮುಳ್ಳೇ ಓಡ್ತಿಲ್ವಲ್ರೀ. ಕೆಟ್ಟಿರೋದನ್ನ ದಾಟಿಸಿಬಿಟ್ನಾ?”

ಅದು ಹಾಗಲ್ಲ ಎಂದು ಮಾಸ್ಟರ್ ತಿಳಿಯಹೇಳಿದ. ಆದರೆ ಮಾತು ಮನಸ್ಸಿನಲ್ಲಿ ಕೊರೆಯಿತು. ಗಿರಾಕಿಯ ಕಣ್ಣಿಗೂ ಇದು ನಿಂತ ಗಡಿಯಾರದಂತೆಯೇ ಕಾಣುವುದಲ್ಲವೇ? ಇಷ್ಟು ಸುರಿದು ಸತ್ತ ಮುಳ್ಳು ತೋರಿಸಬೇಕೇ? ಮೇಲಿನ ಗುಂಡಿ ಒತ್ತಿದ. ಉದ್ದ ಮುಳ್ಳು ಗತ್ತಿನಿಂದ ಸುತ್ತತೊಡಗಿತು. ಅಂದಿನಿಂದ ಅದನ್ನು ನಿಲ್ಲಿಸಲೇ ಇಲ್ಲ. ಅದು ಓಡುತ್ತಿದ್ದಷ್ಟೂ ಕೀಲಿಯ ಬಲ ಬೇಗ ಕರಗಿ ಗಡಿಯಾರ ಹಿಂದೆ ಬೀಳುತ್ತದೆಂಬುದು ಅವನಿಗೆ ತಿಳಿಯದು.

ಗಡಿಯಾರಕ್ಕೆ ತಕ್ಕಂತೆ ತನ್ನ ಷರಟುಗಳನ್ನೂ ಹೊಲಿದುಕೊಂಡ. ಎಡಗೈ ಕಫಿಗೆ ಎಷ್ಟು ಬಿಡಬೇಕೆಂದು ಅಳೆಯಲು ಹೋಗುವಷ್ಟರಲ್ಲಿ ಕತ್ತರಿ ತಾನಾಗಿಯೇ ಅರ್ಧ ಬೆರಳು ದಾಟಿ ನಿಂತಿತು. ತೊಟ್ಟು ನೋಡಿದರೆ ಸರಿಯಾಗಿ ಕುಳಿತಿತು. ಕೈಗೆ ಪಳಗಿದ ಅಳತೆ ಎಂದು ಬೀಗಿದನೇ ಹೊರತು, ಯಾರಿಗಾಗಿ ಪಳಗಿದ್ದು ಎಂದು ಕೇಳಿಕೊಳ್ಳಲಿಲ್ಲ. ಆಮೇಲೆ ತೋಳು ಮಡಿಸುವುದೇನು, ಮಾತುಮಾತಿಗೆ ಮಣಿಕಟ್ಟು ತಿರುಗಿಸುವುದೇನು. ಸ್ನಾನದ ನೀರು ಕಾದಿದೆಯೇ ಎಂಬುದನ್ನೂ ಅದರಲ್ಲೇ ನೋಡುತ್ತೀರಾ ಎಂದು ಹೆಂಡತಿ ಕೇಳಿದಳು. ತಾನು ಜೀವಮಾನವೆಲ್ಲ ಯಾರನ್ನು ನೋಡಿ ಮೂಗು ಮುರಿದಿದ್ದನೋ ಅವರ ಸಾಲಿನಲ್ಲೇ ಹೋಗಿ ನಿಂತಿದ್ದ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಎದುರಂಗಡಿಯ ಕಡೆಗೆ ಕೈಚಾಚಿ ಹೊತ್ತು ನೋಡಿಕೊಳ್ಳುತ್ತಿದ್ದ.

ಕೊನೆಗೆ ಸಾಹುಕಾರರ ಮನೆಯಿಂದ ಕರೆ ಬಂತು. ಬೆಳಗ್ಗೆ ಹತ್ತಕ್ಕೆ ಬರಬೇಕು. ಬಟ್ಟೆ ನೋಡಿ, ಸಾಹುಕಾರರ ಅಳತೆ ತೆಗೆದ ಮೇಲೆ ಕೆಲಸ ಯಾರಿಗೆಂದು ತೀರ್ಮಾನ. ಮಾಸ್ಟರ್ ಗಡಿಯಾರ ನೋಡಿಕೊಂಡೇ ಹೊರಟ, ಗಡಿಯಾರ ನೋಡಿಕೊಂಡೇ ಗಂಟೆ ಒತ್ತಿದ. ಬಾಗಿಲು ತೆರೆದ ಸಾಹುಕಾರರ ಹೆಂಡತಿ, ಹತ್ತಕ್ಕೆ ಹೇಳಿದರೆ ಇಷ್ಟು ಹೊತ್ತಿಗಾ ಬರುವುದು ಎಂದರು. ಮಾಸ್ಟರ್ ಮುಗುಳ್ನಕ್ಕು ತೋಳು ಸರಿಸಿ ಆಗಷ್ಟೇ ಹತ್ತಾಗಿದ್ದುದನ್ನು ತೋರಿಸಿದ. ಆಕೆ ನಡುಮನೆಯ ಗೋಡೆಯ ಕಡೆಗೆ ಬೆರಳು ಮಾಡಿದರು. ಅಲ್ಲಿ ಹತ್ತೂವರೆ ದಾಟಿತ್ತು. ಮೇಜಿನ ಮೇಲೆ ಎದುರಂಗಡಿಯವನ ಬಟ್ಟೆ ಮಾದರಿಯ ಪುಸ್ತಕ ಆಗಲೇ ಬಿದ್ದುಕೊಂಡಿತ್ತು.

ಸಾಹುಕಾರರು ಎದ್ದು ನಿಂತು ಕೈ ಅಗಲಿಸಿದರು. ಎದೆ ಆಯಿತು, ಸೊಂಟ ಆಯಿತು, ತೋಳು ಆಯಿತು. ಮಣಿಕಟ್ಟಿಗೆ ಬಂದಾಗ ಎಡಗೈ ಬರಿದಾಗಿತ್ತು.

“ಎಡಗೈ ಮಾಮೂಲಿನ ಹಾಗೇ ಅಗಲ ಇಡು. ಗಡಿಯಾರ ರಿಪೇರಿಗೆ ಕೊಟ್ಟಿದ್ದೀನಿ” ಎಂದರು ಸಾಹುಕಾರರು.

ಮಾಸ್ಟರ್ ಟೇಪು ಸುತ್ತಿದ. ಎರಡು ಎಡಗೈಗಳು ಅಕ್ಕಪಕ್ಕ ಬಂದವು. ಸಾಹುಕಾರರ ಮಣಿಕಟ್ಟಿನ ಮೇಲೆ ಗಡಿಯಾರವಿದ್ದ ಜಾಗ ಬಿಸಿಲು ಕಾಣದೆ ಬಿಳಿಚಿಕೊಂಡು ದುಂಡಗೆ ಎದ್ದು ಕಾಣುತ್ತಿತ್ತು. ಆ ಕೈ ಒಮ್ಮೆಲೇ ಕಟ್ಟಿಗೆಯಂತೆ ಬಿಗಿಯಿತು. ಮಾಸ್ಟರ್ ತಲೆ ಎತ್ತಿದ. ಸಾಹುಕಾರರು ನೋಡುತ್ತಿದ್ದುದು ಟೇಪನ್ನಲ್ಲ. ಅಂಚಿನಲ್ಲಿ ಗೀರಿದ್ದ ಕ್ರೋನೋಗ್ರಾಫನ್ನು. ಪೆಟ್ಟಿಗೆಯಿಲ್ಲ, ಕಾಗದವಿಲ್ಲ, ಅರ್ಧ ಬೆರಳು. ಇಷ್ಟು ವರ್ಷ ಯಾವ ಗಡಿಯಾರಕ್ಕೆ ಕಫ್ ಕತ್ತರಿಸಿಕೊಟ್ಟಿದ್ದನೋ ಅದರ ಮುಖವನ್ನು ಒಮ್ಮೆಯೂ ನೋಡದಿದ್ದವನು, ಸಾಹುಕಾರರು ಗುಟ್ಟಾಗಿ ಮಾರಿದ್ದ ಅದನ್ನೇ ಗುರುತಿಸದೆ ಕೊಂಡು ತಂದಿದ್ದ.

ಅಷ್ಟರಲ್ಲಿ ಸಾಹುಕಾರರ ಹೆಂಡತಿಯೂ ಬಗ್ಗಿದರು.

“ಇದು ನಿಮ್ಮದರ ಹಾಗೇ ಇದೆಯಲ್ರೀ. ಪೆಟ್ಟಿಗೆ ಬೀರುವಿನಲ್ಲೇ ಇದೆ, ತಂದು ಪಕ್ಕದಲ್ಲಿಟ್ಟು ನೋಡೋಣ್ವಾ?”

ಸಾಹುಕಾರರು ಸೋಫಾದ ಕಡೆಗೆ ಕಣ್ಣು ಹಾಯಿಸಿದರು. ಮದುವೆಯ ಮನೆ, ಬೀಗರಾಗುವವರು ಅಲ್ಲೇ ಕುಳಿತಿದ್ದಾರೆ. ಮಾಸ್ಟರನ ಹೆಬ್ಬೆರಳು ತಾನಾಗಿ ಸರಿದು ಗೀರಿನ ಮೇಲೆ ಕುಳಿತಿತು. ತಗ್ಗಿದ ಭುಜ ಕಂಡಾಗ ಬಾಯಿಗೆ ಬರುವ ಮಾತು ಹೇಗೆ ಬರುತ್ತದೋ ಹಾಗೆಯೇ ಬಂತು.

“ಅಯ್ಯೋ, ಎಲ್ಲಿಯ ಮಾತು ಅಮ್ಮಾವ್ರೇ. ಇದು ಡೂಪ್ಲಿಕೇಟು. ಫುಟ್‌ಪಾತಲ್ಲಿ ರಾಶಿ ಹಾಕಿರ್ತಾರೆ. ಸರಿಯಾದ ಟೈಮೂ ತೋರ್ಸಲ್ಲ, ನೀವೇ ನೋಡಿದ್ರಲ್ಲ.”

ಆಕೆ ನಕ್ಕರು. ಬೀಗರು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ನಕ್ಕವರು ಸಾಹುಕಾರರು.

“ಟೈಲರ್ ಕೈಗೆ ಅಷ್ಟು ಸಾಕು ಬಿಡು” ಎಂದರು.

ಮಾಸ್ಟರನೂ ಟೇಪು ಸುತ್ತುತ್ತ ನಕ್ಕ. ಇಂಥ ಉಪಕಾರ ಮಾಡಿದ ಮೇಲೆ ಕೆಲಸ ಎಲ್ಲಿಗೆ ಹೋಗುತ್ತದೆ ಎಂಬ ನೆಮ್ಮದಿ ಆ ನಗೆಯಲ್ಲಿತ್ತು. ಗೇಟಿನವರೆಗೆ ಸಾಹುಕಾರರೇ ಬಂದರು. ಅಲ್ಲಿ ನಿಂತು, ಸುತ್ತಲೂ ನೋಡಿ, ಮಾಸ್ಟರನ ಮುಖ ನೋಡದೆ, ಸುತ್ತುತ್ತಿದ್ದ ಉದ್ದ ಮುಳ್ಳನ್ನೇ ನೋಡುತ್ತ ಹಲ್ಲು ಕಚ್ಚಿ ಹೇಳಿದರು:

“ಅದನ್ನ ಸದಾ ಓಡಿಸ್ತಾರೇನೋ? ಬೇಕಾದಾಗ ಮಾತ್ರ ಓಡಿಸೋದು. ಯಾವುದು ಯಾರ ಕೈಗೆ ಬೀಳ್ಬೇಕೋ.”

ಕೃತಜ್ಞತೆಯೆಂದರೆ ಅಷ್ಟೇ. ಗೇಟು ಮುಚ್ಚಿತು.

ಮರುದಿನ ಸಾಹುಕಾರರ ಹೆಂಡತಿಯ ಫೋನ್ ಬಂತು. ಆಕೆಯ ದನಿ ಮೃದುವಾಗಿಯೇ ಇತ್ತು. ಬೀಗರು ಒಪ್ಪುತ್ತಿಲ್ಲ, ಕೆಲಸ ಎದುರಂಗಡಿಯವನಿಗೆ ಕೊಟ್ಟಾಯಿತು ಎಂದರು. ಮಾಸ್ಟರ್ ಯಾಕೆಂದು ಕೇಳಿದ.

“ನೀವು ಬೇಜಾರು ಮಾಡ್ಕೋಬೇಡಿ ಮಾಸ್ಟ್ರೇ. ಮೈಮೇಲೆ ಡೂಪ್ಲಿಕೇಟು ಹಾಕ್ಕೊಂಡು ಬರೋರು ಬಟ್ಟೆ ಮಾತ್ರ ಅಸಲಿ ಹಾಕ್ತಾರೆ ಅಂತ ಹೇಗೆ ನಂಬೋದು ಅಂತಾರೆ. ನಮ್ಮನೆಯವರೂ ಹೌದು ಅಂದ್ರು.”

ಮಾಸ್ಟರ್ ಫೋನಿಟ್ಟ. ಹೆಂಡತಿ ಎಲ್ಲವನ್ನೂ ಕೇಳಿ ತಿಳಿದು, ನಿಜ ಹೇಳಿಬಿಡಿ, ಊರಿಗೆಲ್ಲ ಗೊತ್ತಾಗಲಿ ಎಂದಳು. ಹೇಳಲು ಒಂದು ಮಾತು ಸಾಕಿತ್ತು. ಆದರೆ ಗಿರಾಕಿಯ ತಗ್ಗಿದ ಭುಜವನ್ನು ಬೀದಿಯಲ್ಲಿ ಆಡಿ ಅವನಿಗೆ ಅಭ್ಯಾಸವಿರಲಿಲ್ಲ. ಆಡುವುದೆಲ್ಲ ಮನೆಯೊಳಗೆ, ಇವಳೊಬ್ಬಳ ಮುಂದೆ. ಅಂದು ಇವಳ ಮುಂದೆ ಆಡಿದ್ದನ್ನು ಮಾತ್ರ ಬರೆಯುವ ಹಾಗಿಲ್ಲ. ಆಮೇಲೆ ಗಡಿಯಾರವನ್ನು ಬಿಚ್ಚಿ, ಹಳೆಯ ಕೋಟಿನ ಗುಂಡಿಗಳನ್ನು ಹಾಕಿಡುವ ಡಬ್ಬಿಯೊಳಗೆ ಬೀಳಿಸಿದ. ಗುಂಡಿಗಳ ನಡುವೆ ಒಂದಷ್ಟು ಹೊತ್ತು ಮುಳ್ಳು ಓಡಿತು. ಕೀಲಿ ತೀರಿದ ಮೇಲೆ ನಿಂತಿತು.

ಮದುವೆ ಹತ್ತಿರವಾದಾಗ ಎದುರಂಗಡಿಯ ತರುಣ ರಸ್ತೆ ದಾಟಿ ಬಂದ. ಒಳಗೆ ಬರಲು ಸಂಕೋಚಪಟ್ಟು ಮೆಟ್ಟಿಲಲ್ಲೇ ನಿಂತ.

“ಅಣ್ಣಾ, ಸಾಹುಕಾರರ ಎಡಗೈ ಕಫ್ ಎಷ್ಟು ಇಡ್ತಿದ್ರಿ? ಅವರನ್ನ ಕೇಳಿದ್ರೆ ಮಾಮೂಲು ಅಂತಾರೆ. ಕೈಯಲ್ಲಿ ಗಡಿಯಾರಾನೇ ಕಾಣಲ್ಲ.”

ಒಳಗೆ ಕಾಜಾ ಹೊಲಿಯುತ್ತಿದ್ದ ಹೆಂಡತಿಯ ಸೂಜಿ ನಿಂತಿತು. ಮಾಸ್ಟರ್ ಯಾರದೋ ಪ್ಯಾಂಟಿನ ಜಿಪ್ಪು ಬಿಚ್ಚುತ್ತಿದ್ದವನು ತಲೆ ಎತ್ತಿ ತರುಣನ ಕೈಯನ್ನೂ, ಅದರ ಮೇಲೆ ಹೊಳೆಯುತ್ತಿದ್ದುದನ್ನೂ ನೋಡಿದ.

“ಅರ್ಧ ಬೆರಳು ಹೆಚ್ಚು. ಕಡಿಮೆ ಮಾಡಬೇಡ. ದೊಡ್ಡ ಮನುಷ್ಯರು.”

ತರುಣ ಉಪಕಾರವಾಯಿತೆಂದು ಹೇಳಿ ಹೋದ. ಮದುವೆಯಲ್ಲಿ ಸಾಹುಕಾರರ ಬರಿಗೈಯ ಮೇಲೆ ಕಫ್ ಬಾವಿಯ ಬಾಯಿಯ ಹಾಗೆ ತೆರೆದುಕೊಂಡು, ಪ್ರತಿ ಫೋಟೋದಲ್ಲೂ ಹಾಗೆಯೇ ನಿಲ್ಲುವುದನ್ನು ಮಾಸ್ಟರ್ ಕಣ್ಮುಂದೆ ತಂದುಕೊಂಡ. ಈ ಸಲ ಹೆಂಡತಿಯ ಕಡೆಗೆ ತಿರುಗಲಿಲ್ಲ. ತನ್ನ ಷರಟಿನ ಎಡ ಕಫಿನ ಗುಂಡಿಯನ್ನು ಬ್ಲೇಡಿನಿಂದ ಕತ್ತರಿಸಿ, ಅರ್ಧ ಬೆರಳು ಒಳಗೆ ಸರಿಸಿ, ದಾರವನ್ನು ಬಿಗಿಯಾಗಿ ಎಳೆದು ಹೊಲಿಯತೊಡಗಿದ.