ಮುಸುಕಿನವ್ವನ ಮೇಲಿನ ಮಣ್ಣು

ಒಣಗಿದ ಬಾಳೆಎಲೆ ಮಳೆಗೆ ನೆನೆದು ಅರೆಬರೆ ಕೊಳೆತಾಗ ಒಂದು ವಾಸನೆ ಬರುತ್ತದೆ. ಸಿಹಿಯೂ ಅಲ್ಲ, ಕಮಟೂ ಅಲ್ಲ. ಬಾಳೆತೋಟದಲ್ಲಿ ಆಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಬಿಡಿಸಿ ಹೇಳಿದರೂ ತಿಳಿಯುವುದಿಲ್ಲ. ಮೊನ್ನೆ ಪರೀಕ್ಷೆಯ ಡ್ಯೂಟಿಗೆಂದು ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿದ್ದೆ. ಕಮಲಾಪುರ ದಾಟಿ ಬಸ್ಸು ಕಾಲುವೆಯ ಪಕ್ಕಕ್ಕೆ ಹೊರಳಿದ್ದೇ ತಡ, ಕಿಟಕಿಯಿಂದ ಆ ವಾಸನೆ ನುಗ್ಗಿತು. ತೋರಣಗಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತ ಇಪ್ಪತ್ತು ವರ್ಷ ಮಕ್ಕಳನ್ನು ಗದರಿಸಿದ ಗಟ್ಟಿ ಹೆಂಗಸು ನಾನು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟೆ. ಪಕ್ಕದಾಕೆ, "ವಾಂತಿ ಬರಾಕತ್ತೈತೇನ್ರಿ? ಕಿಟಕಿ ಕಡೆ ಸರೀರಿ" ಅಂದಳು. ಹೌದೆಂದು ತಲೆಯಾಡಿಸಿದೆ.

ಆ ರಸ್ತೆಯ ಬಲಕ್ಕೇ ನಮ್ಮ ಮನೆಯಿತ್ತು, ಹಿಂದೆ ಬಾಳೆತೋಟ. ಹನ್ನೊಂದು ಜನಕ್ಕೆ ಒಂದೇ ಒಲೆ, ಒಂದೇ ಹಂಡೆ, ಎಲ್ಲರ ಮೇಲೂ ಒಬ್ಬಳೇ ಅಜ್ಜಿ, ಅಪ್ಪನ ತಾಯಿ. ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾವು ಏಳುತ್ತಿದ್ದೆವು. ಮೂವರು ಸೊಸೆಯರಿದ್ದರೂ ಅಜ್ಜಿಗೆ ನಮ್ಮವ್ವ ಬಡಿದ ರೊಟ್ಟಿಯೇ ಆಗಬೇಕು, ಅವ್ವ ತುಂಬಿಟ್ಟ ಚೆಂಬಿನ ನೀರೇ ಆಗಬೇಕು. ತೋಟದ ಮೂಲೆಯಲ್ಲಿ, ಕೊಳೆತ ಎಲೆಗಳ ರಾಶಿಯ ಕೆಳಗೆ, ಮೊಳದಷ್ಟು ಮಣ್ಣಿನಡಿ ಒಂದು ಕೆತ್ತಿದ ಕಲ್ಲು ಮಲಗಿತ್ತು: ಕೈ ಎತ್ತಿದ ಒಬ್ಬ ಹೆಣ್ಣುಮಗಳು. ಅವಳು ನಮಗೆ ಮುಸುಕಿನವ್ವ. ಹಂಪಿ ಹಾಳಾದ ಕಾಲದಲ್ಲಿ ಓಡಿಬಂದ ಅವಳನ್ನು ನಮ್ಮ ಮನೆಯ ಹೆಂಗಸರು ಬಾಳೆಎಲೆಗಳಡಿ ಮುಚ್ಚಿಟ್ಟು ಉಳಿಸಿದರಂತೆ. ಯಾವ ಗಂಡಸಿಗೂ ತೋರಿಸುವುದಿಲ್ಲವೆಂದು ಭಾಷೆ ಕೊಟ್ಟಿದ್ದರಂತೆ. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು, ಬೆಳೆದ ಭೂಮಿಗೆ ಎಡೆ ಎರಚಲು, ಹೋದಾಗ ಗಂಡಸರೆಲ್ಲ ಕಾಲುವೆಯಾಚೆ ಬೆನ್ನು ತಿರುಗಿಸಿ ಕೂರಬೇಕು. ಹೆಂಗಸರು ಬರಿಗೈಯಿಂದ ಮಣ್ಣು ಬಗೆದು, ಅವಳನ್ನು ಹಾಲಿನಲ್ಲಿ ತೊಳೆದು, ಅರಿಷಿಣ ಬಳಿದು, ಕಡುಬಿನ ಎಡೆ ಹಿಡಿದು, ಮತ್ತೆ ಮುಚ್ಚಬೇಕು. ಮುಚ್ಚುವಾಗ ಅಜ್ಜಿ, "ಬೆಳಕು ನೋಡಿದೆಲ್ಲವ್ವಾ, ಇನ್ನ ಮಕ್ಕೋ" ಅನ್ನುತ್ತಿದ್ದಳು, ತೊಟ್ಟಿಲ ಕೂಸಿಗೆ ಹೇಳುವ ಹಾಗೆ. ತೋಟದ ಇಂಚಿಂಚೂ ಅಗೆದ ನಮ್ಮಪ್ಪ ಆ ಮೂಲೆಗೆ ಒಮ್ಮೆಯೂ ಗುದ್ದಲಿ ತಾಗಿಸಿದವನಲ್ಲ.

ಶೇಖರಮಾಮ ಅವ್ವನ ತಮ್ಮ. ಅವ್ವ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಹೊಸಪೇಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಭಾನುವಾರ ಬಂದನೆಂದರೆ ಏಳನೇ ಕ್ಲಾಸಿನ ನನಗೆ ಹಬ್ಬ. ವಾರಕ್ಕೊಂದು ಇಂಗ್ಲಿಷ್ ಪದ ಹಿಡಿದು ಅದರ ಹುಟ್ಟು, ಅದು ನಡೆದು ಬಂದ ದಾರಿ ಎಲ್ಲ ಹೇಳುತ್ತಿದ್ದ. ಒಂದು ವಾರ ಡಿಸ್ಕವರ್ ಬಂತು. ಮಾಮ ಒಲೆಯ ಮೇಲಿನ ಪಾತ್ರೆ ತೋರಿಸಿದ. "ಕವರ್ ಅಂದ್ರ ಮುಚ್ಚೋದು. ಅದರ ಮೊದಲಿನ ಡಿಸ್ ಅಂದ್ರ ಅದನ್ನ ತಗಿಯೋದು. ಲ್ಯಾಟಿನ್ನಾಗ ಹುಟ್ಟಿ, ಫ್ರೆಂಚರ ಬಾಯಾಗ ಹಾದು ಇಂಗ್ಲಿಷಿಗೆ ಬಂದೈತಿ. ಹೊಸದು ಹುಟ್ಸೋದಲ್ಲ ಅದು. ಇದ್ದದ್ದರ ಮ್ಯಾಲಿನ ಮುಚ್ಚಳ ಎತ್ತೋದು, ಇಷ್ಟ." ಎತ್ತಿದ. ಹುರುಳಿ ಸಾರಿನ ಹಬೆ ಅವನ ಕನ್ನಡಕಕ್ಕೆ ಮೆತ್ತಿ, ಅವನು ಕುರುಡನಂತೆ ತಡಕಾಡಿದ. ನಾನೂ ಅವ್ವನೂ ಬಿದ್ದು ಬಿದ್ದು ನಕ್ಕೆವು. ಅವನೆದುರು ನಾನೂ ಒಂದು ಮುಚ್ಚಳ ಎತ್ತಿ ಜಾಣೆ ಅನ್ನಿಸಿಕೊಳ್ಳಬೇಕೆಂಬ ಹುಚ್ಚು ಅವತ್ತೇ ಹಿಡಿಯಿತು.

ಮುಂದಿನ ಭಾನುವಾರ ಎಲ್ಲರೂ ಉಂಡು ಅಡ್ಡಾದ ಮೇಲೆ ಅವನ ಕೈಹಿಡಿದು ತೋಟಕ್ಕೆ ಎಳೆದೊಯ್ದೆ. "ಯಾರ ಮುಂದೂ ಹೇಳಬಾರ್ದು ಮತ್ತ, ಮಾಮ" ಅಂದರೆ, "ನಿನ್ನಾಣಿಗೂ ಹೇಳಂಗಿಲ್ಲ" ಅಂದ. ಗಂಡಸರು ನೋಡಬಾರದೆಂಬುದು ಗೊತ್ತಿರಲಿಲ್ಲವೆಂದು ಸುಳ್ಳು ಹೇಳಲಾರೆ. ಗೊತ್ತಿತ್ತು. ಆದರೆ ಮಾಮ ನನ್ನ ಲೆಕ್ಕದಲ್ಲಿ ಗಂಡಸಾಗಿರಲಿಲ್ಲ, ಮಾಮ ಆಗಿದ್ದ. ಮಣ್ಣು ಬಗೆದು ಬಗೆದು ನನ್ನ ಕೈ ಸೋತವು. ಅವಳ ಕಾಲ ಕೆಳಗೆ ಮೂರು ಸಾಲು ಅಕ್ಷರಗಳಿದ್ದವು. ನಾವು ಅದನ್ನು ಸೀರೆಯ ಅಂಚು ಅಂದುಕೊಂಡಿದ್ದೆವು. ಮಾಮ ಬಗ್ಗಿ ಅದರ ಮೇಲಿನ ಮಣ್ಣು ಒರೆಸಿದ. ಜೇಬಿನಿಂದ ಕಾಗದ ತೆಗೆದು, ಮಂಡಿಯೂರಿ, ಒಂದೊಂದೇ ಅಕ್ಷರ ಬರೆದುಕೊಂಡ. ನನ್ನನ್ನು ಜಾಣೆ ಅನ್ನಲು ಮರೆತೇಬಿಟ್ಟ. ಆಮೇಲೆ ಎದ್ದು ಮಂಡಿ ಕೊಡವಿಕೊಂಡು, "ನೀನ ಮುಚ್ಚಿಬಿಡವ್ವಾ, ನನಗ ಹೊತ್ತಾತು" ಅಂತ ಹೊರಟುಹೋದ. ನಾನೊಬ್ಬಳೇ ಮುಚ್ಚಿದೆ. ಮಲಗು ಅಂತ ಹೇಳುವುದನ್ನೂ ಮರೆಯಲಿಲ್ಲ.

ಎರಡು ತಿಂಗಳಿಗೆ ಪೇಪರಿನಲ್ಲಿ ಬಂತು. ಅಪ್ರಕಟಿತ ಶಾಸನ ಪತ್ತೆ, ಕೆಳಗೆ ಮಾಮನ ಫೋಟೋ. ಅದರ ಬೆನ್ನಿಗೆ ಪುರಾತತ್ವ ಇಲಾಖೆಯ ಜೀಪು, ಜೀಪಿನ ಬೆನ್ನಿಗೆ ಟ್ರ್ಯಾಕ್ಟರ್. ನೋಡಲು ಊರೇ ನೆರೆಯಿತು. ಎಂಟು ಜನ ಹಗ್ಗ ಹಾಕಿ ಅವಳನ್ನು ನಿಲ್ಲಿಸಿದಾಗ ಅಜ್ಜಿ ಮನೆಯೊಳಗಿಂದ ತನ್ನ ಇಳಕಲ್ ಸೀರೆ ತಂದು ಅವಳ ತಲೆಯ ಮೇಲಿಂದ ಹೊದಿಸಿದಳು. ಫೋಟೋ ತೆಗೆಯುವವನು ಅದನ್ನು ಮೆಲ್ಲಗೆ ಎತ್ತಿ, ಮಡಚಿ, ಅಜ್ಜಿಯ ಕೈಗೇ ಕೊಟ್ಟ. ಒರಟಾಗಿ ಎಳೆದಿದ್ದರೆ ಅಜ್ಜಿ ಜಗಳವಾಡುತ್ತಿದ್ದಳೇನೋ. ಮರ್ಯಾದೆಯಿಂದ ಕೊಟ್ಟದ್ದಕ್ಕೆ ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಅವಳನ್ನು ಟ್ರ್ಯಾಕ್ಟರಿನಲ್ಲಿ ಹೊತ್ತೊಯ್ದ ಸಂಜೆ ಮಾಮ ಪಡಸಾಲೆಯಲ್ಲಿ ಕೂತಿದ್ದ. ಅಜ್ಜಿ ದನಿ ಏರಿಸದೆ ಕೇಳಿದಳು: "ಮಾಸ್ತರ, ನಿನಗ ಹೇಳಿದಾರು ಯಾರು?" ಮಾಮ ನನ್ನ ಕಡೆ ನೋಡಿದ. ಹನ್ನೆರಡು ವರ್ಷದ ಹುಡುಗಿಯನ್ನು ಪುಸಲಾಯಿಸಿ ನೋಡಿದೆ ಅಂದರೆ ಅವನ ಮಾನ ಎಲ್ಲಿ ಉಳಿಯಬೇಕು? "ನಮ್ಮಕ್ಕ ಯಾವಾಗೋ ಅಂದಿದ್ಳು" ಅಂದ. ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ಅವ್ವ ತಮ್ಮನನ್ನು ಒಮ್ಮೆ ನೋಡಿದಳು. ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ನಾನು ಕಂಬ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು. ಅದು ಹೊರಗೆ ಬರಲಿಲ್ಲ. ಅವತ್ತಿನಿಂದ ಅಜ್ಜಿ ಅವ್ವನ ಕೈಯ ನೀರು ಮುಟ್ಟಲಿಲ್ಲ.

ಒಂದು ಒಲೆ ಮೂರಾಗಲು ವರ್ಷ ಹಿಡಿಯಲಿಲ್ಲ. ಅಪ್ಪನಿಗೆ ದೋಣಿಮಲೈ ಗಣಿಯಲ್ಲಿ ಕೆಲಸ ಸಿಕ್ಕಿ ಕ್ವಾರ್ಟರ್ಸಿಗೆ ಹೋದೆವು. ಚಿಕ್ಕಪ್ಪಂದಿರು ತೋಟ ಮಾರಿದರು. ಬಿ.ಎ. ಓದುವಾಗ ಲೈಬ್ರರಿಯ ದಪ್ಪ ನಿಘಂಟಿನಲ್ಲಿ ಆ ಪದದ ಪುಟ ತೆಗೆದೆ. ಮಾಮ ಹೇಳಿದ್ದೆಲ್ಲ ಸರಿಯಾಗೇ ಇತ್ತು. ಆದರೆ ಅಲ್ಲೇ ಬಳಕೆ ತಪ್ಪಿದ ಹಳೆಯ ಅರ್ಥವೂ ಒಂದಿತ್ತು: ಒಬ್ಬರ ಗುಟ್ಟು ಬಿಟ್ಟುಕೊಡುವುದು, ಅಡಗಿದವರನ್ನು ತೋರಿಸಿಕೊಟ್ಟು ದ್ರೋಹ ಮಾಡುವುದು. ಪದದ ಬೇರೆಲ್ಲ ಅಗೆದು ತೋರಿಸಿದವನು ಇದನ್ನು ಮಾತ್ರ ಹೇಳದೆ ಬಿಟ್ಟನೇ, ಅವನಿಗೇ ಗೊತ್ತಿರಲಿಲ್ಲವೇ? ಕೇಳುವಷ್ಟು ಮಾತು ನಮ್ಮಿಬ್ಬರ ನಡುವೆ ಉಳಿದಿರಲಿಲ್ಲ. ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಆ ಹಳೆಯ ಅರ್ಥದಲ್ಲಿ ಮೊದಲು ಮುಚ್ಚಳ ಎತ್ತಿದವಳು ನಾನೇ ಅಲ್ಲವೇ?

ಅವ್ವ ತೀರಿಕೊಳ್ಳುವ ಹಿಂದಿನ ವರ್ಷ ಧೈರ್ಯ ಮಾಡಿ ಅವಳ ಮುಂದೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನನಗ ಅವತ್ತ ಗೊತ್ತಾಗಿತ್ತಲೇ. ಹಬ್ಬಿಲ್ಲ ಹುಣ್ಣಿವಿಲ್ಲ, ನಿನ್ನ ಉಗರಾಗ ಅರಿಷಿಣ ಇತ್ತು. ನಾನ ಕುಂದ್ರಿಸಿಕೊಂಡು ತೊಳದೆ, ನಿನಗ ನೆಪ್ಪಿಲ್ಲೇನು?" ನೆನಪಿರಲಿಲ್ಲ. "ಮತ್ಯಾಕ ಸುಮ್ಕಿದ್ದೆವ್ವಾ?" ಅಂದೆ. "ನಾ ಇನ್ನೊಬ್ಬರ ಮನಿಯಿಂದ ಬಂದಾಕಿ, ನನ್ನ ಬೈದ್ರ ನಡೀತೈತಿ. ನೀ ಅಕಿ ಮೊಮ್ಮಗಳು" ಅಂದಳು.

ಅದಕ್ಕೂ ಎಷ್ಟೋ ವರ್ಷ ಮೊದಲು, ಅಜ್ಜಿಯ ಕೊನೆಯ ದಿನಗಳು ನಮ್ಮ ಕ್ವಾರ್ಟರ್ಸಿನಲ್ಲೇ ಕಳೆದಿದ್ದವು. ಹಾಸಿಗೆ ತೊಳೆದದ್ದು, ಮೈ ಒರೆಸಿದ್ದು ಎಲ್ಲ ಅವ್ವನೇ. ನೀರು ಮಾತ್ರ ನನ್ನ ಕೈಯಿಂದ. ಅವ್ವ ಲೋಟ ತುಂಬಿ ನನಗೆ ಕೊಡುತ್ತಿದ್ದಳು, ನಾನು ಕುಡಿಸುತ್ತಿದ್ದೆ. ಅಜ್ಜಿ ಗುಟುಕು ಗುಟುಕಾಗಿ ಕುಡಿದು, ನನ್ನ ಕೆನ್ನೆ ಸವರಿ, "ಈ ಮನ್ಯಾಗ ನಂಬಾಕ ನೀ ಒಬ್ಬಾಕೀನ ಉಳದಿ, ಮಗಳ" ಅನ್ನುತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಖಾಲಿ ಲೋಟಕ್ಕಾಗಿ ಕೈ ಚಾಚುತ್ತಿದ್ದಳು.